ಸಣ್ಣ ಕರುಳಿನ ಸೆಗ್ಮೆಂಟೇಶನ್: ಒಂದು ಸಿಪ್ ಅಪ್ ತೊಟ್ಟೆಯಿಂದ ಅರ್ಥವಾದದ್ದು

ಊಟದ ನಂತರ ಸಣ್ಣ ಕರುಳಿನಲ್ಲಿ ಜಾಸ್ತಿ ನಡೆಯುವ ಚಲನೆ ಯಾವುದು ಅಂತ ಟೆಸ್ಟಿನಲ್ಲಿ ಬಂದಿತ್ತು. ಕಣ್ಣು ಮುಚ್ಚಿ ಪೆರಿಸ್ಟಾಲ್ಸಿಸ್ (ಆಹಾರವನ್ನು ಮುಂದಕ್ಕೆ ತಳ್ಳುವ ಅಲೆ) ಅಂತ ಬರೆದೆ. ಸೊನ್ನೆ. ಉತ್ತರ ಸೆಗ್ಮೆಂಟೇಶನ್, ಅಂದರೆ ಅಲ್ಲಲ್ಲಿ ಹಿಸುಕಿ ಕಲಸುವುದು. ನಾನು ಹತ್ತರವರೆಗೆ ಕನ್ನಡ ಮೀಡಿಯಂ, ನನಗೆ ಅದು ಜಠರ, ಸಣ್ಣ ಕರುಳು, ಪಕ್ಕದ ಬೆಂಚಿನವಳಿಗೆ ಮಲಯಾಳಂನಲ್ಲಿ ಆಮಾಶಯ, ಚೆರುಕುಡಲ್, ಪರೀಕ್ಷೆ ಇಂಗ್ಲಿಷಿನಲ್ಲಿ. ಅವಳೂ ಪೆರಿಸ್ಟಾಲ್ಸಿಸ್ ಅಂತಲೇ ಬರೆದಿದ್ದಳು, ಹಾಗಾಗಿ ತಪ್ಪನ್ನು ಭಾಷೆಯ ತಲೆಗೆ ಕಟ್ಟುವ ಹಾಗಿಲ್ಲ.

ಜಠರ ಬೇಗ ಮುಗಿಸುತ್ತೇನೆ. ಊಟ ಇಳಿಯುತ್ತಿದ್ದಂತೆ ಮೇಲಿನ ಭಾಗ ಸಡಿಲವಾಗಿ ಜಾಗ ಮಾಡಿಕೊಡುತ್ತದೆ, ಅದು ವೇಗಸ್ ನರದ ಕೆಲಸ. ನಡುವಿನಿಂದ ನಿಮಿಷಕ್ಕೆ ಸುಮಾರು 3 ಅಲೆ ಜಠರದ ಕೆಳತುದಿಯ ಪೈಲೋರಸ್ ಬಾಗಿಲಿನ ಕಡೆ ಹೋಗುತ್ತವೆ. ಬಾಗಿಲು ತೆರೆಯುವುದು ಸ್ವಲ್ಪವೇ, 1-2 ಮಿಲಿಮೀಟರಿಗಿಂತ ಸಣ್ಣ ಚೂರು ಮಾತ್ರ ದಾಟುತ್ತದೆ, ಉಳಿದದ್ದು ಗ್ರೈಂಡರಿನಲ್ಲಿ ಅಕ್ಕಿ ಮತ್ತೆ ಕಲ್ಲಿನಡಿಗೆ ಬೀಳುವ ಹಾಗೆ ಹಿಂದಕ್ಕೆ ಬಂದು ಪುನಃ ಅರೆಯಲ್ಪಡುತ್ತದೆ. ಗಂಜಿತಿಳಿ ಬೇಗ ಖಾಲಿ. ತುಪ್ಪ ಸುರಿದ ದೋಸೆ ನಿಧಾನ, ಯಾಕೆಂದರೆ ಕೊಬ್ಬು ಡುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಮುಟ್ಟಿದ ಕೂಡಲೇ ಅಲ್ಲಿಂದ ಸಿಸಿಕೆ (ಕೊಲೆಸಿಸ್ಟೋಕೈನಿನ್) ಹಾರ್ಮೋನ್ ಹೊರಟು "ತಡಿ ಮಾರಾಯ" ಅಂತ ಜಠರಕ್ಕೆ ಹೇಳುತ್ತದೆ. ಪಿತ್ತಕೋಶವನ್ನು ಹಿಂಡಿಸುವುದೂ ಅದೇ ಸಿಸಿಕೆ.

ಈಗ ನಾನು ಬಿದ್ದ ಗುಂಡಿ. ಕರಗಿದ ಸಿಪ್ ಅಪ್ (ಉದ್ದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬರುವ ಐಸ್ ಕ್ಯಾಂಡಿ) ತೊಟ್ಟೆ ಒಂದು ತೆಗೆದುಕೊಳ್ಳಿ. ಎರಡು ಬೆರಳಿನಲ್ಲಿ ಒತ್ತಿ ಉದ್ದಕ್ಕೆ ಎಳೆದರೆ ರಸ ಮುಂದೆ ಓಡುತ್ತದೆ, ಅದು ಪೆರಿಸ್ಟಾಲ್ಸಿಸ್. ಈಗ ಎರಡೂ ತುದಿ ಮುಚ್ಚಿಕೊಂಡೇ ಇರಲಿ, ನಡುವೆ ಮೂರು ಕಡೆ ಒಟ್ಟಿಗೆ ಹಿಸುಕಿ. ನಾಲ್ಕು ಉಬ್ಬು ಬಂತು ಅಲ್ವಾ? ಆ ಹಿಡಿತ ಬಿಟ್ಟು, ಉಬ್ಬಿದ್ದ ಜಾಗಗಳ ನಡುವಿಗೇ ಹಿಸುಕಿ. ಪ್ರತಿ ಉಬ್ಬು ಎರಡಾಗಿ ಒಡೆದು, ಅರ್ಧ ಎಡಗಡೆಯದಕ್ಕೆ, ಅರ್ಧ ಬಲಗಡೆಯದಕ್ಕೆ ಸೇರುತ್ತದೆ. ನಾನು ತಮ್ಮನ ಕೈಯನ್ನೂ ಸಾಲ ತೆಗೆದುಕೊಂಡು ಮಾಡಿದೆ. ಒಂದು ತುದಿಯಲ್ಲಿ ನಿಂತಿದ್ದ ಕೆಂಪು ಬಣ್ಣ ಸ್ವಲ್ಪ ಹೊತ್ತಿನಲ್ಲೇ ಇಡೀ ತೊಟ್ಟೆಗೆ ಹರಡಿತು. ಇದೇ ಸೆಗ್ಮೆಂಟೇಶನ್, ಕರುಳಿಗೂ ಬೇಕಾದದ್ದು ಇದೇ. ಪಿತ್ತರಸ, ಮೇದೋಜೀರಕದ ರಸ ಎಲ್ಲ ಚೆನ್ನಾಗಿ ಕಲಸಬೇಕು, ಒಳಗೋಡೆಯ ವಿಲ್ಲೈಗಳಿಗೆ (ಬೆರಳಿನ ಹಾಗಿರುವ ಸಣ್ಣ ಸಣ್ಣ ಚಾಚುಗಳಿಗೆ) ಹೊಸ ಹೊಸ ಪದರ ತಾಗುತ್ತಾ ಇರಬೇಕು, ಆಗಲೇ ಹೀರಿಕೆ.

ಹಾಗಾದರೆ ಮುಂದೆ ಹೋಗುವುದು ಹೇಗೆ? ಇಲ್ಲಿ ಎರಡು ದಿನ ಸಿಕ್ಕಿಬಿದ್ದಿದ್ದೆ. ಹಿಂದೆ ಮುಂದೆ ಸಮ ಹೋದರೆ ಊಟ ಅಲ್ಲೇ ಇರಬೇಕಲ್ಲ! ಗುಟ್ಟು ಸಂಖ್ಯೆಯಲ್ಲಿದೆ. ಈ ತಾಳ ಡುವೋಡಿನಮ್‌ನಲ್ಲಿ ನಿಮಿಷಕ್ಕೆ ಸುಮಾರು 12, ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್‌ನ ಕೊನೆಗೆ ಸುಮಾರು 8. ಮೇಲೆ ಜಾಸ್ತಿ ಸಲ ಮುಚ್ಚುತ್ತದೆ, ಕೆಳಗೆ ಕಡಿಮೆ ಸಲ. ಆಹಾರಕ್ಕೆ ಹಿಂದೆ ಹೋಗುವ ದಾರಿ ಹೆಚ್ಚು ಸಲ ಬಂದ್, ಮುಂದಿನದು ಹೆಚ್ಚು ಹೊತ್ತು ಖುಲ್ಲಾ. ಹಾಗಾಗಿ ತಡವರಿಸುತ್ತಾ, ಕಲಸಿಕೊಳ್ಳುತ್ತಾ, 3ರಿಂದ 5 ಗಂಟೆಯಲ್ಲಿ ಕೊನೆ ಮುಟ್ಟುತ್ತದೆ. ನೆನಪಿಗೆ ನಾನು "3, 12, 8" ಅಂತ ಫೋನ್ ನಂಬರಿನ ಹಾಗೆ ಬಾಯಿಪಾಠ ಮಾಡಿದ್ದೇನೆ: ಜಠರ, ಡುವೋಡಿನಮ್, ಇಲಿಯಮ್. ಒಂದು ಎಚ್ಚರಿಕೆ, ಇವು ಗೋಡೆಯಲ್ಲಿ ತಾಳ ಹಾಕುವ ಕಹಾಲ್ ಕೋಶಗಳು ಹುಟ್ಟಿಸುವ ವಿದ್ಯುತ್ ಅಲೆಗಳ ಲೆಕ್ಕ. ಕರುಳಿನಲ್ಲಿ ಅಲೆ ಬಂದಾಗಲೆಲ್ಲ ಸ್ನಾಯು ಕುಗ್ಗುವುದಿಲ್ಲ, ಅದರ ಮೇಲೆ ಸ್ಪೈಕ್ (ಚೂಪಾದ ವಿದ್ಯುತ್ ಮಿಡಿತ) ಏರಿದರೆ ಮಾತ್ರ ಕುಗ್ಗುತ್ತದೆ. ಅಂದರೆ 12 ಅನ್ನುವುದು ಗರಿಷ್ಠ ಮಿತಿ.

ಹೊಟ್ಟೆ ಖಾಲಿಯಾದ ಮೇಲೆ ಆಟವೇ ಬೇರೆ. ಸುಮಾರು 90-120 ನಿಮಿಷಕ್ಕೊಮ್ಮೆ ಜಠರದಿಂದ ಇಲಿಯಮ್‌ವರೆಗೆ ಗುಡಿಸುವ ಅಲೆ ಬರುತ್ತದೆ, ಎಂಎಂಸಿ (ಮೈಗ್ರೇಟಿಂಗ್ ಮೋಟರ್ ಕಾಂಪ್ಲೆಕ್ಸ್) ಅಂತ ಹೆಸರು, ಶುರು ಮಾಡಿಸುವುದು ಮೋಟಿಲಿನ್ ಹಾರ್ಮೋನ್. ಸಂಜೆ ಬದಿಯಡ್ಕದ ಬಸ್ಸಿಗೆ ಕಾಯುವಾಗ ಹೊಟ್ಟೆ ಗುರ್ ಅನ್ನುವುದು ಹೆಚ್ಚಾಗಿ ಇದೇ. ಎರಡು ಗೋಳಿಬಜೆ ತಿಂದರೆ ಗುಡಿಸುವುದು ನಿಂತು ಪುನಃ ಕಲಸುವುದು ಶುರು.

ಕೊನೆಯ ಬಾಗಿಲು ಇಲಿಯೋಸೀಕಲ್ ಕವಾಟ. ಹೊಸ ಊಟ ಜಠರಕ್ಕೆ ಬಿದ್ದಾಗ ಇಲಿಯಮ್ ಚುರುಕಾಗಿ, ಹಳೆಯ ಉಳಿಕೆ ಇದರ ಮೂಲಕ ದೊಡ್ಡ ಕರುಳಿಗೆ ದಾಟುತ್ತದೆ, ಇದು ಗ್ಯಾಸ್ಟ್ರೋಇಲಿಯಲ್ ರಿಫ್ಲೆಕ್ಸ್. ಬೆಳಗ್ಗೆ ತಿಂಡಿ ಮುಗಿಸಿದ ಕೂಡಲೇ ಅಜ್ಜ ಚೆಂಬು ಹಿಡಿದು ಹೊರಡುವುದು ಇದರ ಪಕ್ಕದ ರಿಫ್ಲೆಕ್ಸ್, ಗ್ಯಾಸ್ಟ್ರೋಕಾಲಿಕ್, ಅದರಲ್ಲಿ ಚುರುಕಾಗುವುದು ದೊಡ್ಡ ಕರುಳು. ಎರಡನ್ನೂ ಅದಲುಬದಲು ಮಾಡಬೇಡಿ, ಅದಕ್ಕೂ ನನ್ನ ಅರ್ಧ ಮಾರ್ಕು ಹೋಗಿದೆ.