ಬೀದಿ ದೀಪದ ಕಥೆ ಸಾಕು, ಫೀಸು ಕಟ್ಟಿದ್ದು ಯಾರು?

ಪ್ರಶ್ನೆ: ಸರ್, ಚಿಕ್ಕಂದಿನಲ್ಲಿ ಕಷ್ಟಪಟ್ಟವರೇ ಮುಂದೆ ದೊಡ್ಡ ಮನುಷ್ಯರಾಗೋದು ಅಲ್ವಾ? ನಮ್ಮ ಮಕ್ಕಳಿಗೆ ಎಲ್ಲಾ ಕೂತಲ್ಲಿಗೇ ಸಿಗ್ತಿದೆ. ಹಾಳಾಗ್ತಾರೇನೋ ಅಂತ ಭಯ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಈ ಪ್ರಶ್ನೆ ತಪ್ಪದೆ ಬರುತ್ತದೆ. ಪೇಪರಿನಲ್ಲಿ ಕೂಲಿಯವರ ಮಗಳ ಫೋಟೊ, ಬಾಯಿಗೆ ಪೇಡ ಇಡುತ್ತಿರುವ ಅಮ್ಮ. ಅದನ್ನು ನೋಡಿದ ಉಳಿದ ಅಪ್ಪ ಅಮ್ಮಂದಿರಿಗೆ ತಮ್ಮ ಮನೆಯ ಫ್ಯಾನು, ಟ್ಯೂಷನ್ನು ಎಲ್ಲಾ ತಪ್ಪು ಅನ್ನಿಸತೊಡಗುತ್ತದೆ. ಮತ್ತೊಮ್ಮೆ ಹೇಳುತ್ತೇನೆ: ಕಷ್ಟ ಯಾರನ್ನೂ ಮೇಲೆತ್ತುವುದಿಲ್ಲ. ಕಷ್ಟದಲ್ಲಿದ್ದಾಗ ಯಾರೋ ಕೈ ಹಿಡಿದಿರುತ್ತಾರೆ.

ಇಷ್ಟಕ್ಕೇ ಸುಮ್ಮನಾಗುತ್ತಾರಾ? ‘ವಿಶ್ವೇಶ್ವರಯ್ಯನವರು ಬೀದಿ ದೀಪದ ಕೆಳಗೆ ಓದಲಿಲ್ವಾ’ ಅನ್ನುತ್ತಾರೆ. ಓದಿರಬಹುದು, ಜಗಳ ಬೇಡ. ಇದೇ ಕಂಬವನ್ನು ಬಂಗಾಳದವರು ಸಮಾಜ ಸುಧಾರಕ ಈಶ್ವರಚಂದ್ರ ವಿದ್ಯಾಸಾಗರರ ಪಕ್ಕ, ಮದ್ರಾಸಿನವರು ಹೈಕೋರ್ಟ್ ಜಡ್ಜ್ ಮುತ್ತುಸ್ವಾಮಿ ಅಯ್ಯರ್ ಪಕ್ಕ ನೆಟ್ಟಿದ್ದಾರೆ. ದೀಪದ ಬಗ್ಗೆ ನನಗೆ ತಕರಾರಿಲ್ಲ, ಕಥೆಯನ್ನು ಅಲ್ಲಿಗೇ ಮುಗಿಸುತ್ತಾರಲ್ಲ, ಅದಕ್ಕೆ ತಕರಾರು.

ಮುದ್ದೇನಹಳ್ಳಿಯ ಆ ಹುಡುಗನ ಅಪ್ಪ ಬೇಗ ತೀರಿಕೊಂಡರು, ನಿಜ. ಆದರೆ ಅವರು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ದುಡ್ಡಿರಲಿಲ್ಲ, ಅಕ್ಷರ ಇತ್ತು. ಬೆಂಗಳೂರಿಗೆ ಬಂದರೆ ಸೋದರಮಾವ ಇದ್ದರು. ಕಾಲೇಜಿನ ದಿನಗಳಲ್ಲಿ ಮನೆಪಾಠ ಹೇಳಿ ಖರ್ಚು ನಿಭಾಯಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಯಿತು. ಪುಣೆಗೆ ಎಂಜಿನಿಯರಿಂಗ್ ಓದಲು ಕಳಿಸಿದ್ದು ಮೈಸೂರು ಸರ್ಕಾರದ ಸ್ಕಾಲರ್‌ಶಿಪ್. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದದ್ದು ಅದಾದ ಮೇಲೆ. ಸ್ಕಾಲರ್‌ಶಿಪ್ ಸಿಗದಿದ್ದರೆ? ಕಂಬದ ಕೆಳಗೆ ಎಷ್ಟು ಹೊತ್ತು ಕೂತಿದ್ದರೂ ಪುಣೆಯ ಫೀಸು ಹುಟ್ಟುತ್ತಿರಲಿಲ್ಲ.

ಅಂಬೇಡ್ಕರ್ ಹೆಸರನ್ನೂ ಇದಕ್ಕೇ ಎಳೆದು ತರುತ್ತಾರೆ. ಶಾಲೆಯಲ್ಲಿ ನೀರಿನ ಮಡಕೆ ಮುಟ್ಟಲೂ ಬಿಡದ ಅವಮಾನವೇ ಅವರನ್ನು ಬೆಳೆಸಿತು ಅಂತ ಆಗಸ್ಟ್ 15ರ ಭಾಷಣದಲ್ಲಿ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದೇ ಅವಮಾನ ಉಂಡ ಲಕ್ಷಾಂತರ ಮಕ್ಕಳು ಏನಾದರು ಸ್ವಾಮಿ? 1913ರಲ್ಲಿ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದು ಬರೋಡದ ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಿಂದ. ಬುದ್ಧಿ, ಛಲ ಅವರದೇ. ಹಡಗಿನ ಟಿಕೆಟ್ಟಿಗೆ ಛಲ ಸಾಲದು.

ನಾವು ಗೆದ್ದವರನ್ನಷ್ಟೇ ಎಣಿಸುತ್ತೇವೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋದ ಜಾಣ ಹುಡುಗನ ಫೋಟೊ ಯಾವ ಪೇಪರಿನಲ್ಲೂ ಬರುವುದಿಲ್ಲ. ಅವನ ಬಡತನವೂ ಅದೇ ಬಡತನ. ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಓದುವ ಹುಡುಗರಿಗೆ ವಾರದಲ್ಲಿ ದಿನಕ್ಕೊಂದು ಮನೆಯವರು ಊಟ ಹಾಕುವ ವಾರಾನ್ನ ಇದ್ದದ್ದು ಅದಕ್ಕೇ. ಸಿದ್ಧಗಂಗೆಯಂಥ ಮಠಗಳು ಅನ್ನ, ವಸತಿ ಕೊಟ್ಟು ಓದಿಸಿದ್ದೂ ಅದಕ್ಕೇ. ಹಸಿದರೆ ಚೆನ್ನಾಗಿ ಓದುತ್ತಾರೆ ಅಂತ ಅವರು ಯಾರೂ ಅಂದುಕೊಳ್ಳಲಿಲ್ಲ.

ಹಸಿವು ಓದಿಗೆ ಏನು ಮಾಡುತ್ತದೆ ಅಂತ ಸರ್ಕಾರಿ ಶಾಲೆಯ ಮೇಷ್ಟ್ರನ್ನು ಕೇಳಿ. 2002ರಲ್ಲಿ ಬಿಸಿಯೂಟ ಶುರುವಾಗುವ ಮುಂಚೆ ಹನ್ನೊಂದು ಗಂಟೆಯಾದರೆ ‘ಹೊಟ್ಟೆ ನೋವು ಸಾ’ ಅಂತ ಒಬ್ಬೊಬ್ಬರೇ ಎದ್ದು ನಿಲ್ಲುತ್ತಿದ್ದರು. ಸುಳ್ಳು ಅಂತ ಬೈಯುವವರೂ ಇದ್ದರು. ನೋವು ನಿಜವೇ, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರುತ್ತಿರಲಿಲ್ಲ.

ಆದ್ದರಿಂದ ನಿಮ್ಮ ಮಕ್ಕಳಿಗೆ ಸಿಗುತ್ತಿರುವುದು ಸಿಗಲಿ ಬಿಡಿ. ತಮ್ಮ ತಟ್ಟೆ ತಾವೇ ತೊಳೆಯಲಿ, ಅಷ್ಟು ಸಾಕು.

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಮನೆ ಕೆಲಸದವರ ಮಗಳು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟನೇ ಕ್ಲಾಸಾ? ಹಾಗಿದ್ದರೆ ಎನ್‌ಎಂಎಂಎಸ್ ಅನ್ನುವ, ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಬರೆಸಿ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಅಪ್ಪ ಅಮ್ಮನ ವರ್ಷದ ವರಮಾನ ಮೂರೂವರೆ ಲಕ್ಷ ದಾಟಿರಬಾರದು. ಎಷ್ಟೋ ಮಕ್ಕಳು ಇದನ್ನು ಕಳೆದುಕೊಳ್ಳುವುದು ದಡ್ಡತನದಿಂದಲ್ಲ. ಆಧಾರ್‌ನಲ್ಲಿ ‘ಲಕ್ಷ್ಮಿ’, ಶಾಲೆಯ ದಾಖಲೆಯಲ್ಲಿ ‘ಲಕ್ಷ್ಮೀದೇವಿ’ ಅಂತ ಇರುತ್ತದೆ, ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಶಾಲೆ ಶುರುವಾದ ತಿಂಗಳಲ್ಲೇ ಎರಡೂ ಕಾಗದ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು, ಅವಳ ಅಮ್ಮನಿಗೆ ಅವತ್ತು ರಜೆ ಕೊಡಿ.