ಹಳೆಯ ಪಿಕಪ್‌ನ ಡೀಸೆಲ್ ಮುಳ್ಳು ಸುಳ್ಳು ಹೇಳಿದಾಗ: ಗ್ಯಾರೇಜ್ ಕಲಿಕೆಯ ಟಿಪ್ಪಣಿ

ಬೆಳಗಾವಿಯಿಂದ ತರಕಾರಿ ಹೇರಿಕೊಂಡು ಚೋರ್ಲಾ ಘಾಟಿ ಇಳಿದು ಗೋವಾದ ಮಾಪುಸಾಕ್ಕೆ ಬರುವ ಹಳೆಯ ಪಿಕಪ್‌ನಲ್ಲಿ ಡೀಸೆಲ್ ಮುಳ್ಳು ಕೆಟ್ಟಿದ್ದರೆ ಚಾಲಕ ಕಿಲೋಮೀಟರ್ ಲೆಕ್ಕ ನೋಡಿಕೊಂಡೇ ಓಡಿಸುತ್ತಾನೆ. ಲೆಕ್ಕ ತಪ್ಪಿ ಘಾಟಿಯಲ್ಲಿ ಗಾಡಿ ನಿಂತರೆ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದಷ್ಟಕ್ಕೇ ಮುಗಿಯುವುದಿಲ್ಲ. ಲೈನಿನೊಳಗೆ ಗಾಳಿ ಹೊಕ್ಕಿರುತ್ತದೆ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ತಿರುಪು) ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಬೇಕು. ಹಾಗಾಗಿ ಮುಳ್ಳಿನ ರಿಪೇರಿಯನ್ನು ಚಿಕ್ಕ ಕೆಲಸವೆಂದು ಮುಂದೂಡಬಾರದು.

ಗೋವಾದ ವಾಸ್ಕೋ, ಪುಣೆಯ ಭೋಸರಿ, ಮುಂಬೈಯ ಕುರ್ಲಾ ಕಡೆಯ ಗ್ಯಾರೇಜುಗಳಲ್ಲಿ ಕೆಲಸ ಕಲಿಯುವ ನಮ್ಮವರು ಮೊದಲು ಕೇಳುವ ಪದ ‘ಕಾಟಾ’. ಮರಾಠಿಯ ಕಾಟಾ ನಮ್ಮ ಮುಳ್ಳೇ. ಕಾಲಿಗೆ ಚುಚ್ಚುವುದಕ್ಕೂ ಗಡಿಯಾರದಲ್ಲಿ ತಿರುಗುವುದಕ್ಕೂ ಎರಡೂ ಭಾಷೆಯಲ್ಲಿ ಒಂದೇ ಹೆಸರು. ಮಿಸ್ತ್ರಿ ‘ಫ್ಲೋಟ್ ಹೋಗಿದೆ’ ಎಂದರೆ ತೇಲುವ ಬುರುಡೆಯೊಂದೇ ಅಲ್ಲ, ಟ್ಯಾಂಕಿನೊಳಗಿನ ಇಡೀ ಯೂನಿಟ್ ಎಂದು ಅರ್ಥ ಮಾಡಿಕೊಳ್ಳಿ.

ವಿದ್ಯುತ್ ಹರಿಯುವ ದಾರಿ ಹೀಗಿದೆ: ಇಗ್ನಿಷನ್ ಸ್ವಿಚ್, ಫ್ಯೂಸ್, ಡ್ಯಾಶ್‌ಬೋರ್ಡಿನ ಮೀಟರ್, ಅಲ್ಲಿಂದ ಚಾಸಿ ಉದ್ದಕ್ಕೂ ಒಂದೇ ತಂತಿ, ಟ್ಯಾಂಕ್ ಯೂನಿಟ್, ಕೊನೆಗೆ ಬಾಡಿ ಅರ್ಥ್, ಅಂದರೆ ಬ್ಯಾಟರಿಯ ನೆಗೆಟಿವ್ ಸೇರಿರುವ ಗಾಡಿಯ ಲೋಹದ ಮೈ. ಯೂನಿಟ್ಟಿನೊಳಗೆ ಫ್ಲೋಟ್ ಏರಿಳಿದಂತೆ ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಬದಲಾಗುತ್ತದೆ. ಜಪಾನಿ ಮೂಲದ ಹಲವು ಗಾಡಿಗಳಲ್ಲಿ ಟ್ಯಾಂಕ್ ಖಾಲಿಯಾದಾಗ ಸುಮಾರು 110 ಓಮ್, ತುಂಬಿದಾಗ ಸುಮಾರು 3 ಓಮ್. ಇದಕ್ಕೆ ತಲೆಕೆಳಗಾದ ಜಾತಿಯೂ ಇದೆ: ಖಾಲಿಗೆ 10, ಫುಲ್‌ಗೆ 180. ಯಾವ ಜಾತಿ ಎಂದು ಗೊತ್ತಿಲ್ಲದೆ ಪರೀಕ್ಷೆಗೆ ಇಳಿದರೆ ಪ್ರತಿ ಫಲಿತಾಂಶವನ್ನೂ ಉಲ್ಟಾ ಓದುತ್ತೀರಿ. ಇಲ್ಲಿ ಹೇಳುವುದೆಲ್ಲ 110–3 ಜಾತಿಗೆ ಹೊಂದುತ್ತದೆ.

ಟ್ಯಾಂಕ್ ಇಳಿಸುವ ಮುಂಚೆ ಟ್ಯಾಂಕಿನ ಹತ್ತಿರದ ಕಪ್ಲರ್ (ತಂತಿಗಳನ್ನು ಜೋಡಿಸುವ ಪ್ಲಗ್) ಎಳೆಯಿರಿ. ಇಡೀ ಸಮಸ್ಯೆ ಎರಡು ಹೋಳಾಗುವುದು ಅಲ್ಲಿಯೇ. ಫ್ಯೂಸ್ ನೋಡಿದ್ದಾಯಿತು ಎಂದಿಟ್ಟುಕೊಳ್ಳೋಣ. ಕಪ್ಲರ್ ಬಿಚ್ಚಿ ಇಗ್ನಿಷನ್ ಆನ್ ಮಾಡಿದರೆ ಮುಳ್ಳು ಖಾಲಿಯ ಗುರುತಿಗೆ ಬರಬೇಕು. ಬಾರದೆ ಫುಲ್‌ನಲ್ಲೇ ನಿಂತರೆ ಮೀಟರಿನಿಂದ ಬರುವ ಸಿಗ್ನಲ್ ತಂತಿ ಎಲ್ಲೋ ಸವೆದು ಚಾಸಿಗೆ ತಾಗುತ್ತಿದೆ. ಈಗ ಅದೇ ತಂತಿಯನ್ನು 12 ವೋಲ್ಟ್, 3.4 ವ್ಯಾಟ್ ಬಲ್ಬಿನ ಮೂಲಕ ಗಾಡಿಯ ಲೋಹದ ಮೈಗೆ ತಾಗಿಸಿ. ಬಲ್ಬ್ ನಡುವೆ ಇದ್ದರೆ ಮೀಟರಿನ ಮೂಲಕ ಮಿತಿಮೀರಿದ ಕರೆಂಟ್ ಹರಿಯುವುದಿಲ್ಲ. ನೇರವಾಗಿ ಅರ್ಥ್ ಕೊಟ್ಟು ತುಂಬಾ ಹೊತ್ತು ಬಿಟ್ಟರೆ ಮೀಟರಿನ ಕಾಯಿಲ್ ಸುಟ್ಟೀತು. ಬಲ್ಬ್ ಹತ್ತಿ ಮುಳ್ಳು ಫುಲ್ ಕಡೆಗೆ ಏರಿತೋ, ಮೀಟರ್ ಮತ್ತು ತಂತಿ ಎರಡೂ ಸರಿಯಾಗಿವೆ, ದೋಷ ಟ್ಯಾಂಕ್ ಕಡೆಗಿದೆ. ಏರದಿದ್ದರೆ ಇದನ್ನೇ ಮೀಟರಿನ ಹಿಂದಿನ ಟರ್ಮಿನಲ್ಲಿನಲ್ಲಿ ಮಾಡಿ. ಅಲ್ಲಿ ಏರಿದರೆ ತಂತಿ ತುಂಡಾಗಿದೆ. ಕ್ಯಾಬಿನ್ನಿನಿಂದ ಚಾಸಿಗೆ ವೈರಿಂಗ್ ಬಾಗುವ ಜಾಗವನ್ನು ಮೊದಲು ನೋಡಿ.

ಅವಸರ ಬೇಡ. ಹಳೆಯ ಮೀಟರುಗಳಲ್ಲಿ ಬಹಳಷ್ಟು ಬಿಸಿಯಿಂದ ಬಾಗುವ ಜೋಡಿ ಲೋಹದ ಪಟ್ಟಿಯವು. ಘಾಟಿಯಲ್ಲಿ ಡೀಸೆಲ್ ತುಳುಕಿದರೂ ಮುಳ್ಳು ಕುಣಿಯದಿರಲೆಂದೇ ಅವು ನಿಧಾನ. ಒಂದೆರಡು ನಿಮಿಷ ಕಾಯಿರಿ.

ಟ್ಯಾಂಕ್ ಕಡೆ ಎಂದು ಖಚಿತವಾದ ಮೇಲೂ ಯೂನಿಟ್ ಬದಲಿಸಲು ಓಡಬೇಡಿ. ಕೊಂಕಣದ ಮಳೆ, ಸಮುದ್ರದ ಉಪ್ಪುಗಾಳಿ ಮೊದಲು ತಿನ್ನುವುದು ಅರ್ಥ್ ಜೋಡಣೆಯನ್ನು. ಕಪ್ಲರಿನ ಹಿತ್ತಾಳೆ ಕಾಲುಗಳ ಮೇಲೆ ಹಸಿರು ಕಿಲುಬು, ಅರ್ಥ್ ರಿಂಗಿನಡಿ ಕಂದು ತುಕ್ಕು. ಆ ತುಕ್ಕು 20 ಓಮ್ ಸೇರಿಸಿತೆಂದು ಲೆಕ್ಕ ಹಾಕಿ. ಖಾಲಿ ಟ್ಯಾಂಕಿನ 110 ಓಮ್ 130 ಆದರೆ ಮುಳ್ಳಿನಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. ಆದರೆ ಫುಲ್‌ನ 3 ಓಮ್ 23 ಆದರೆ ಮುಳ್ಳು ಮೇಲಕ್ಕೆ ತಲುಪುವುದೇ ಇಲ್ಲ. ‘ಖಾಲಿ ಸರಿಯಾಗಿ ತೋರಿಸುತ್ತೆ, ಟ್ಯಾಂಕ್ ತುಂಬಿಸಿದರೂ ಮುಳ್ಳು ಫುಲ್ ಮುಟ್ಟಲ್ಲ’ ಎಂದು ಗಿರಾಕಿ ಹೇಳಿದರೆ ಮೊದಲು ಅರ್ಥ್ ಮೇಲೆ ಅನುಮಾನ ಪಡಿ.

ಇದನ್ನು ಅಳೆಯುವುದು ಸುಲಭ. ಕಪ್ಲರ್ ಮತ್ತೆ ಸೇರಿಸಿ, ಇಗ್ನಿಷನ್ ಆನ್ ಇಟ್ಟು, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಯೂನಿಟ್ಟಿನ ಅರ್ಥ್ ಟರ್ಮಿನಲ್ಲಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಹಿಡಿಯಿರಿ. 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ರಿಂಗ್ ಬಿಚ್ಚಿ ಪೇಂಟು, ತುಕ್ಕು ಹೋಗಿ ಹೊಳೆಯುವ ಲೋಹ ಕಾಣುವವರೆಗೆ ಪಾಲಿಶ್ ಪೇಪರಿನಿಂದ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿಂದ ಗ್ರೀಸ್ ಸವರಿ.

ಎಂಜಿನ್ ಉಷ್ಣತೆಯ ಮುಳ್ಳೂ ಡೀಸೆಲ್ ಮುಳ್ಳೂ ಒಟ್ಟಿಗೇ ತಪ್ಪು ತೋರಿಸುತ್ತಿದ್ದರೆ ಟ್ಯಾಂಕಿನ ಹತ್ತಿರ ಹೋಗಲೇಬೇಡಿ. ಮೀಟರಿನ ಹಿಂದೆ ಎರಡಕ್ಕೂ ಸೇರಿ ಒಂದು ವೋಲ್ಟೇಜ್ ಸ್ಟೆಬಿಲೈಜರ್ (ಮೀಟರಿಗೆ ಹೋಗುವ ವೋಲ್ಟೇಜನ್ನು ಒಂದೇ ಸಮ ಇಡುವ ಭಾಗ) ಇರುವ ಗಾಡಿಗಳಲ್ಲಿ ಕೆಟ್ಟಿರುವುದು ಅದೇ, ಇಲ್ಲವೇ ಅದರ ಅರ್ಥ್. ಅರ್ಥ್ ತಪ್ಪಿದರೆ ಅದು ಪೂರ್ತಿ ಬ್ಯಾಟರಿ ವೋಲ್ಟೇಜನ್ನು ಹಾಗೇ ಬಿಡುತ್ತದೆ, ಎರಡೂ ಮುಳ್ಳು ಮೇಲೇರುತ್ತವೆ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಯೂನಿಟ್ ಹೊರತೆಗೆಯಿರಿ. ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿರಲಿ, ಕೆಲಸ ಬಯಲಿನಲ್ಲಿ ನಡೆಯಲಿ. ಬಲ್ಬಿನ ಪರೀಕ್ಷೆ ತೆರೆದ ಟ್ಯಾಂಕಿನ ಬಳಿ ಬೇಡ. ಪೆಟ್ರೋಲ್ ಗಾಡಿಯಾದರೆ ಈ ಮಾತು ಪ್ರಾಣದ ಪ್ರಶ್ನೆ. ಮಳೆ ಎಂದು ಶಟರ್ ಇಳಿಸಿಕೊಂಡು ಒಳಗೆ ತೆರೆಯುವ ಅಭ್ಯಾಸವನ್ನು ಯಾರಿಂದಲೂ ಕಲಿಯಬೇಡಿ. ಯೂನಿಟ್ಟಿನ ಸುತ್ತಲಿನ ಮಣ್ಣು ಒರೆಸಿಯೇ ತೆಗೆಯಿರಿ, ಅದು ಟ್ಯಾಂಕಿಗೆ ಬಿದ್ದರೆ ಮುಂದಿನ ಗೋಳು ಫಿಲ್ಟರಿನದು.

ಕೈಗೆ ಬಂದ ಯೂನಿಟ್ಟನ್ನು ಬೆಳಕಿಗೆ ಹಿಡಿಯಿರಿ. ಹಳೆಯ ಬಗೆಯದರಲ್ಲಿ ಚಪ್ಪಟೆ ಹಲಗೆಯ ಮೇಲೆ ಕೂದಲೆಳೆಯಂಥ ತಂತಿ ಒತ್ತೊತ್ತಾಗಿ ಸುತ್ತಿರುತ್ತದೆ, ಅದರ ಅಂಚಿನ ಮೇಲೆ ಒಂದು ಪುಟ್ಟ ಲೋಹದ ನಾಲಿಗೆ ಜಾರುತ್ತದೆ. ಸುತ್ತು ಎಲ್ಲಿ ಸವೆದು ಹೊಳೆಯುತ್ತಿದೆ ನೋಡಿ. ದಿನದ ಬಾಡಿಗೆಗೆ ಬೇಕಾದಷ್ಟೇ ಡೀಸೆಲ್ ಹಾಕಿಸುವ ಗಾಡಿಯಲ್ಲಿ ಫ್ಲೋಟ್ ಕಾಲು ಮತ್ತು ಅರ್ಧದ ನಡುವೆಯೇ ಆಡುತ್ತಿರುತ್ತದೆ, ಸವೆತವೂ ಅಲ್ಲೇ. ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು, ಅದರ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಮುಂದಿನ ಅಳತೆಗಳಿಂದ ಕಳೆಯಲು ಬರೆದುಕೊಳ್ಳಿ. ಈಗ ಫ್ಲೋಟಿನ ಕೈಯನ್ನು ಕೆಳಗಿಂದ ಮೇಲಕ್ಕೆ ಮೆಲ್ಲಗೆ ಎತ್ತಿ. ಓಮ್ ಒಂದೇ ಸಮನೆ ಇಳಿಯುತ್ತ ಬರಬೇಕು. ನಡುವೆ ಒಮ್ಮೆ ‘1’ ಅಥವಾ ‘ಓಎಲ್’ (ಅಳತೆಗೆ ಮೀರಿದೆ ಎಂಬ ಗುರುತು) ಬಂದರೂ ತಂತಿ ಅಲ್ಲಿ ತುಂಡಾಗಿದೆ. ಮುಳ್ಳು ದಾರಿಯಲ್ಲಿ ತಟ್ಟನೆ ಬಿದ್ದು ಮತ್ತೆ ಏರುವುದಕ್ಕೆ ಕಾರಣ ಇದೇ. ಕಪ್ಪಗಾದ ಮೇಲ್ಮೈ ಕಾಂಟ್ಯಾಕ್ಟ್ ಕ್ಲೀನರಿಗೆ ಸರಿಹೋಗಬಹುದು. ಪಾಲಿಶ್ ಪೇಪರ್ ಇಲ್ಲಿ ಮಾತ್ರ ಬೇಡ, ಆ ತಂತಿ ತಾಳುವುದಿಲ್ಲ. ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ: ಒಳಗೆ ಗುಳುಗುಳು ಎಂದರೆ ತೂತಾಗಿ ಡೀಸೆಲ್ ಕುಡಿದಿದೆ, ಇನ್ನು ತೇಲದು. ಟ್ಯಾಂಕ್ ಎಷ್ಟೇ ತುಂಬಿದರೂ ಮುಳ್ಳು ಖಾಲಿ ಎನ್ನುತ್ತದೆ.

ಮುಂಬೈಯ ಕುರ್ಲಾದ ಸಿಎಸ್‌ಟಿ ರಸ್ತೆಯಂಥ ಕಡೆ ಹಳೆಯ ಯೂನಿಟ್ ಕೊಳ್ಳುವಾಗ ನಿಮ್ಮದನ್ನೂ ಮಲ್ಟಿಮೀಟರನ್ನೂ ಜೊತೆಗೊಯ್ಯಿರಿ. ತೂತುಗಳ ಅಳತೆ ಒಂದೇ ಇದ್ದು ಓಮ್ ಉಲ್ಟಾ ಇದ್ದರೆ ಫುಲ್ ಟ್ಯಾಂಕಿಗೆ ಖಾಲಿ, ಖಾಲಿಗೆ ಫುಲ್ ತೋರಿಸುತ್ತದೆ. ಕೈಯ ಉದ್ದ, ಬಾಗು ಕೂಡ ಹೋಲಿಸಿ. ಉದ್ದವಾದರೆ ಟ್ಯಾಂಕಿನೊಳಗಿನ ತಡೆಹಲಗೆಗೆ ಫ್ಲೋಟ್ ಸಿಕ್ಕಿ ಮುಳ್ಳು ಒಂದೇ ಕಡೆ ನಿಂತುಬಿಡುತ್ತದೆ.

ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ, ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, 5 ಲೀಟರ್ ಅಳತೆಯ ಕ್ಯಾನಿನಿಂದ ಸುರಿಯುತ್ತ ಪ್ರತಿ ಸಲ ಎರಡು ನಿಮಿಷ ಬಿಟ್ಟು ಮುಳ್ಳಿನ ಜಾಗ ಬರೆದುಕೊಳ್ಳಿ. ಟ್ಯಾಂಕಿನ ಆಕಾರ ಸಮನಾಗಿಲ್ಲದಿದ್ದರೆ ಮೊದಲ ಅರ್ಧಕ್ಕೂ ಎರಡನೆಯ ಅರ್ಧಕ್ಕೂ ಲೀಟರ್ ಬೇರೆ ಬೇರೆ ಬರುತ್ತದೆ, ಅದು ದೋಷವಲ್ಲ. ಆ ಚೀಟಿಯನ್ನು ಚಾಲಕನ ಕೈಗೆ ಕೊಡಿ. ಕೆಳಗಿನ ಗುರುತಿಗೆ ಮುಳ್ಳು ಬಂದಾಗ ಎಷ್ಟು ಲೀಟರ್ ಉಳಿದಿರುತ್ತದೆ ಎಂಬುದರ ಅಡಿಗೆ ಗೆರೆ ಎಳೆದು ಕೊಡಿ.