ಉಪ್ಪು ಆವಿಯಾಗಿ ಏರುವುದಿಲ್ಲ: ಕಡಲಂಚಿನ ಜಿನ್ ಇಳಿಸುವ ಕ್ರಮ

ಜಿನ್ ಎಂದರೆ ಜುನಿಪರ್ ಕಾಯಿಯ ಪರಿಮಳ ಮುಂದಿರುವ ಭಟ್ಟಿ ಮದ್ಯ. ಅದರ ಬಾಟಲಿಯ ಮೇಲೆ ಅಲೆಯ ಚಿತ್ರ, ಕೆಳಗೆ ‘ಸಮುದ್ರದ ಉಪ್ಪಿನ ರುಚಿ’ ಎಂಬ ಸಾಲು. ಆ ಉಪ್ಪು ಒಳಗೆ ಬಂದದ್ದು ಹೇಗೆ ಎಂದು ಕೇಳಿ ನೋಡಬೇಕು. ಭಟ್ಟಿಯ ಶಾಖಕ್ಕೆ ಉಪ್ಪು ಆವಿಯಾಗುವುದಿಲ್ಲ. ಹಂಡೆಗೆ ಹಿಡಿಗಟ್ಟಲೆ ಸುರಿದರೂ ಅಷ್ಟೂ ತಳದಲ್ಲೇ ಉಳಿಯುತ್ತದೆ. ಕಡಲಿನ ನೆನಪು ತರುವುದು ಉಪ್ಪಲ್ಲ, ಆವಿಯ ಜೊತೆ ಏರಬಲ್ಲ ಪರಿಮಳಗಳು. ಇಷ್ಟು ಮನಸ್ಸಿಗೆ ಬಂದರೆ ಸಾಮಗ್ರಿ ಆರಿಸುವ ರೀತಿಯೇ ಬದಲಾಗುತ್ತದೆ.

ಶುಗರ್ ಕೆಲ್ಪ್ ಎಂಬ ಕಂದು ಪಾಚಿಯನ್ನೇ ನೋಡಿ. ಸ್ಕಾಟ್ಲೆಂಡಿನ ಹ್ಯಾರಿಸ್ ದ್ವೀಪದ ಜಿನ್ ಹೆಸರಾದದ್ದು ಇದರಿಂದಲೇ. ಒಣಗಿದಾಗ ಇದರ ಮೇಲೆ ಬಿಳಿ ಪುಡಿಯಂತೆ ಕಾಣುವ ಸಿಹಿ ಮ್ಯಾನಿಟಾಲ್, ಬಾಯಿ ತುಂಬುವ ಗ್ಲುಟಮೇಟ್, ಎರಡೂ ಭಟ್ಟಿಯಲ್ಲಿ ಏರುವುದಿಲ್ಲ. ಏರಿ ಬರುವುದು ತೆಳುವಾದ ಕರಾವಳಿ ಗಾಳಿಯ ವಾಸನೆ ಮಾತ್ರ. ದಪ್ಪ ರುಚಿಯೇ ಬೇಕೆಂದರೆ ಇಳಿಸಿದ ಮೇಲೆ ಪಾಚಿಯನ್ನು ನೆನೆಹಾಕಬೇಕು. ಹಾಗೆ ಮಾಡಿದರೆ ಬಣ್ಣ ಬರುತ್ತದೆ, ‘ಲಂಡನ್ ಜಿನ್’ ಎಂದು ಬರೆಯುವ ಹಕ್ಕೂ ಹೋಗುತ್ತದೆ. ಯುರೋಪಿನ ನಿಯಮದಂತೆ ಲಂಡನ್ ಜಿನ್‌ಗೆ ಇಳಿಸಿದ ನಂತರ ಪರಿಮಳ, ಬಣ್ಣ ಏನನ್ನೂ ಸೇರಿಸುವಂತಿಲ್ಲ. ಸಕ್ಕರೆಯ ಅಂಶವೂ ಲೀಟರಿಗೆ 0.1 ಗ್ರಾಂ ದಾಟಬಾರದು.

ಸೀ ಲೆಟ್ಯೂಸ್‌ನಂಥ ಹಸಿರು ಪಾಚಿಗಳ ವಿಷಯದಲ್ಲಿ ಕೈ ಬಿಗಿಯಾಗಿರಲಿ. ಅವು ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ವಸ್ತುವನ್ನು ಹೆಚ್ಚು ಬಿಡುತ್ತವೆ. ಹದವಾಗಿದ್ದರೆ ಅದು ಕಡಲ ಗಾಳಿಯ ವಾಸನೆ, ಸ್ವಲ್ಪ ಮೀರಿದರೆ ಬೇಯಿಸಿದ ಎಲೆಕೋಸು. ಗಂಧಕದ ಕೆಲವು ವಾಸನೆಗಳನ್ನು ತಾಮ್ರದ ಹಂಡೆ ಹೀರಿಕೊಳ್ಳುತ್ತದೆ, ಆದರೆ ಡೈಮಿಥೈಲ್ ಸಲ್ಫೈಡ್ ಮುಂದೆ ತಾಮ್ರದ ಆಟ ಅಷ್ಟಾಗಿ ನಡೆಯದು. ಇದು ಸುಮಾರು 37 ಡಿಗ್ರಿಯಲ್ಲೇ ಕುದಿಯುವುದರಿಂದ ಬಹುಪಾಲು ಮೊದಲ ಹನಿಗಳಲ್ಲಿ ಬಂದುಬಿಡುತ್ತದೆ. ಹಾಗಾಗಿ ಪಾಚಿ ಹಾಕಿದ ದಿನ ಮೊದಲ ಭಾಗವನ್ನು ಎಂದಿಗಿಂತ ಹೆಚ್ಚು ಬೇರೆ ತೆಗೆಯಿರಿ. ಪಾಚಿಯನ್ನು ತೊಳೆದು, ನೆರಳಿನ ಗಾಳಿಯಲ್ಲಿ ಮುರಿದರೆ ಚಟ್ ಎನ್ನುವಷ್ಟು ಒಣಗಿಸಿ. ಹಸಿ ಪಾಚಿಯಲ್ಲಿ ಹೆಚ್ಚಿನದು ನೀರೇ, ತೂಕದ ಲೆಕ್ಕ ಪ್ರತಿ ಸಲ ತಪ್ಪುತ್ತದೆ.

ಈಗ ಕಾಡುಸೊಪ್ಪು. ಕಾಡು ಕ್ಯಾರೆಟ್, ಆಂಜೆಲಿಕಾ, ರಾಕ್ ಸ್ಯಾಂಫೈರ್‌ಗಳ ಬಳಗದಲ್ಲೇ ಹೆಮ್ಲಾಕ್, ವಾಟರ್ ಡ್ರಾಪ್‌ವರ್ಟ್ ಎಂಬ ಮಾರಕ ಗಿಡಗಳೂ ಇವೆ. ಭಟ್ಟಿ ಇಳಿಸಿದರೆ ವಿಷ ಹೋಗುತ್ತದೆಂದು ನಂಬಬೇಡಿ: ಹೆಮ್ಲಾಕಿನ ಕೋನೀನ್ ಆವಿಯೊಂದಿಗೆ ಏರಬಲ್ಲ ವಸ್ತು. ಜುನಿಪರ್‌ನಲ್ಲೂ ಸಬೀನಾ ಎಂಬ ವಿಷದ ಜಾತಿಯಿದೆ. ಕೊಡೆಯಾಕಾರದ ಹೂಗೊಂಚಲಿನ ಯಾವ ಗಿಡವನ್ನೂ ಎಲೆ ನೋಡಿ ಮಾತ್ರ ಗುರುತಿಸಬೇಡಿ. ಕಾಂಡ, ಹೂ, ಕಾಯಿ ಎಲ್ಲವೂ ತಾಳೆಯಾಗಬೇಕು. ಅನುಮಾನ ಉಳಿದರೆ ಗಿಡ ಅಲ್ಲೇ ಉಳಿಯಲಿ.

ಕಾಡಿನ ಸಾಮಗ್ರಿಯ ದೊಡ್ಡ ತಲೆನೋವು ವಿಷವಲ್ಲ, ಏರುಪೇರು. ಒಂದೇ ಪೊದೆಯ ಗಾರ್ಸ್ ಎಂಬ ಹಳದಿ ಹೂ ಬಿಸಿಲಿದ್ದ ದಿನ ತೆಂಗಿನಕಾಯಿಯಂತೆ ಘಮ್ಮೆನ್ನುತ್ತದೆ, ಮಳೆಯ ಮರುದಿನ ಬರೀ ಹುಲ್ಲು. ಅದಕ್ಕೇ ಎಲ್ಲವನ್ನೂ ಒಂದೇ ಹಂಡೆಗೆ ಸುರಿಯುವ ಬದಲು ಪ್ರತಿ ಕಾಡುಸಸ್ಯವನ್ನೂ ಬೇರೆಯಾಗಿ ಇಳಿಸಿಟ್ಟು, ಆಮೇಲೆ ಮೂಗು ಹೇಳಿದಂತೆ ಬೆರೆಸುವ ಕ್ರಮವೇ ಸಣ್ಣ ಪ್ರಮಾಣದವರಿಗೆ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಸ್ಕಾಟ್ಲೆಂಡಿನ ಐಲಾ ದ್ವೀಪದ ಜಿನ್ ‘ದಿ ಬಾಟನಿಸ್ಟ್’ 22 ಸ್ಥಳೀಯ ಸಸ್ಯಗಳನ್ನು 9 ರೂಢಿಯ ಸಾಮಗ್ರಿಗಳ ಜೊತೆ ಬಳಸುತ್ತದೆ. ಹೊಸಬರು ಆ ಸಂಖ್ಯೆಗೆ ಮರುಳಾಗಬಾರದು. ಮೂರು ಕಾಡುಸಸ್ಯ ಸ್ಪಷ್ಟವಾಗಿ ಕೇಳಿಸಿದರೆ ಸಾಕು.

ಪರವಾನಗಿ ಇರುವ ಭಟ್ಟಿಯಲ್ಲಿ ಹಂಡೆಗೆ ಹಾಕುವ 100 ಲೀಟರ್ ಮಿಶ್ರಣಕ್ಕೆ ಆರಂಭದ ಲೆಕ್ಕ ಹೀಗಿರಲಿ. ಶೇ 96 ಮದ್ಯಾಂಶದ ನ್ಯೂಟ್ರಲ್ ಸ್ಪಿರಿಟ್ (ರುಚಿ, ವಾಸನೆ ಇಲ್ಲದಷ್ಟು ಶುದ್ಧಗೊಳಿಸಿದ ಮದ್ಯಸಾರ) 52 ಲೀಟರ್, ನೀರು ಸುಮಾರು 51 ಲೀಟರ್. ಕೂಡಿಸಿದರೆ 103, ಬೆರೆಸಿದರೆ 100: ಮದ್ಯವೂ ನೀರೂ ಸೇರಿದಾಗ ಗಾತ್ರ ಕುಗ್ಗುತ್ತದೆ. ಈ ಶೇ 50ರ ಮಿಶ್ರಣಕ್ಕೆ ಜುನಿಪರ್ 1.6 ಕಿಲೋ, ಕೊತ್ತಂಬರಿ ಬೀಜ 700 ಗ್ರಾಂ, ಆಂಜೆಲಿಕಾ ಬೇರು 100 ಗ್ರಾಂ, ಆರಿಸ್ (ಐರಿಸ್ ಗಿಡದ) ಬೇರು 20 ಗ್ರಾಂ. ಜುನಿಪರನ್ನು ತುಸು ಜಜ್ಜಿ. ಪುಡಿ ಮಾಡಿದರೆ ರಾಳದ ಕಹಿ ಮುಂದೆ ಬರುತ್ತದೆ. ಒಂದು ರಾತ್ರಿ ನೆನೆಯಲಿ. ಒಣ ಕೆಲ್ಪ್ ಹಂಡೆಗೇ ಹಾಕುವುದಾದರೆ 100 ಗ್ರಾಂ ದಾಟಬೇಡಿ. ಗಾರ್ಸ್‌ನಂಥ ನವಿರು ಹೂ, ಬೇರೆಯಾಗಿ ಇಳಿಸುವಾಗಲೂ, ಕುದಿಯುವ ದ್ರವಕ್ಕೆ ಬೀಳಬಾರದು, ಆವಿ ಹಾಯುವ ಬುಟ್ಟಿಯಲ್ಲಿ ಸಡಿಲವಾಗಿ ಹರಡಬೇಕು. ಒತ್ತಿ ತುಂಬಿದರೆ ಆವಿ ಒಂದು ಬದಿಯಿಂದ ನುಸುಳಿ ಹೋಗಿ, ಅರ್ಧ ಹೂ ಮುಟ್ಟದೇ ಉಳಿಯುತ್ತದೆ.

ಸ್ಪಿರಿಟ್ ಮೊದಲೇ ಶುದ್ಧವಾದದ್ದರಿಂದ ಮೊದಲ ಭಾಗವನ್ನು ತೆಗೆಯುವುದು ಮುಖ್ಯವಾಗಿ ಹಿಂದಿನ ಸರದಿಯ ಅಂಟಿದ ಎಣ್ಣೆ ಮತ್ತು ಅತಿ ಹಗುರ ವಾಸನೆಗಳ ಸಲುವಾಗಿ. ಪಾಚಿಯಿಲ್ಲದಿದ್ದರೆ ಅರ್ಧ ಲೀಟರ್ ಸಾಕು. ನಡುಭಾಗದಲ್ಲಿ ಮೊದಲು ಸಿಟ್ರಸ್, ಹೂ. ನಂತರ ಜುನಿಪರ್, ಕೊತ್ತಂಬರಿ. ಕೊನೆಗೆ ಬೇರುಗಳ ಮಣ್ಣುವಾಸನೆ. ಹರಿಯುವ ದ್ರವ ಶೇ 60ರ ಸುತ್ತ ಇಳಿದಾಗ ನಿಮಿಷಕ್ಕೊಮ್ಮೆ ಮೂಸಿ. ಬೆಂದ ಚಹಾಸೊಪ್ಪಿನ ವಾಸನೆ ಬಂತೆಂದರೆ ನಿಲ್ಲಿಸಿ. ಮದ್ಯಾಂಶ ಅಳೆಯುವ ಮೀಟರ್ ನೋಡಿ ಅಲ್ಲ, ಮೂಗು ನೋಡಿ. ಇನ್ನೆರಡು ಲೀಟರ್ ಸಿಗಲಿ ಎಂಬ ಆಸೆಗೆ ಕೆಟ್ಟ ಜಿನ್‌ಗಳು ಬೇಕಾದಷ್ಟಿವೆ.

ಬಾಟಲಿಗೆ ಇಳಿಸುವ ಹೊತ್ತಿನ ಸಾಮಾನ್ಯ ದೂರು ಮಬ್ಬು. ನೀರು ಬೆರೆತು ಸಾರ, ಅಂದರೆ ಮದ್ಯಾಂಶ, ತಗ್ಗಿದಂತೆ ಎಣ್ಣೆಗಳು ಕರಗಿರಲಾರದೆ ಹೊರಬಂದು ಹಾಲುಗಟ್ಟುತ್ತವೆ. ಜುನಿಪರ್ ಹೆಚ್ಚಾದರೆ, ನೀರನ್ನು ಒಮ್ಮೆಗೇ ಸುರಿದರೆ ಇದು ಬೇಗ ಆಗುತ್ತದೆ. ಖನಿಜ ತೆಗೆದ ನೀರನ್ನೇ ಬಳಸಿ, ಎರಡು ಮೂರು ದಿನಗಳಲ್ಲಿ ಕಂತು ಕಂತಾಗಿ ಸೇರಿಸಿ. ಗಾತ್ರ ಕುಗ್ಗುವುದರಿಂದ, ಶೇ 80ರ 1 ಲೀಟರನ್ನು ಶೇ 43ಕ್ಕೆ ತರಲು ಬೇಕಾದ ನೀರು 860 ಮಿಲೀ ಅಲ್ಲ, ಹತ್ತಿರ ಹತ್ತಿರ 895 ಮಿಲೀ. ಯುರೋಪಿನ ಕನಿಷ್ಠ ಮಿತಿ ಶೇ 37.5 ಇದ್ದರೂ ಪರಿಮಳ ಜಾಸ್ತಿಯಿರುವ ಜಿನ್ ಶೇ 43ರಿಂದ 46ರಲ್ಲಿ ನೆಮ್ಮದಿಯಾಗಿರುತ್ತದೆ. ಮಬ್ಬಾದ ಸರದಿಯನ್ನು ತಣಿಸಿ ಸೋಸಿದರೆ ತಿಳಿಯಾಗುತ್ತದೆ ನಿಜ, ಜೊತೆಗೆ ಪಟ್ಟ ಪಾಡಿನ ಪರಿಮಳವೂ ಸೋಸುಗದಲ್ಲೇ ಉಳಿಯುತ್ತದೆ. ಅದರ ಬದಲು ಸ್ವಲ್ಪ ನ್ಯೂಟ್ರಲ್ ಸ್ಪಿರಿಟ್ ಸೇರಿಸಿ ಸಾರ ಏರಿಸಿ. ಮುಂದಿನ ಸರದಿಗೆ ಜುನಿಪರನ್ನು ಹತ್ತನೇ ಒಂದು ಪಾಲು ಕಡಿಮೆ ಮಾಡಿ ನೋಡಿ.

ಎರಡು ವಾರ ಸ್ಟೀಲ್ ತೊಟ್ಟಿಯಲ್ಲಿ ತಂಗಿದ ಮೇಲೆ ರುಚಿ ನೋಡುವಾಗ ಹಾಗೆಯೇ ಚಪ್ಪರಿಸಬೇಡಿ. ಅದೇ ತಾಪದ ನೀರು ಬೆರೆಸಿ ಶೇ 20ಕ್ಕೆ ಇಳಿಸಿ, ಹಿಂದಿನ ಸರದಿಯ ಮಾದರಿಯ ಪಕ್ಕದಲ್ಲಿಟ್ಟು ಮೂಸಿ. ಕೆಲ್ಪ್‌ನ ಎಳೆ ಅಲ್ಲೇ ತಿಳಿಯುತ್ತದೆ, ಎಲೆಕೋಸೂ ಅಲ್ಲೇ ಸಿಕ್ಕಿಬೀಳುತ್ತದೆ.